ಪುಸ್ತಕ ಡೇಟಾಬೇಸ್ ಜೋಡಿಸಿದ ಮೇಲೂ ಎಐ ಸಹಾಯಕ ಲೇಖಕರನ್ನು ಅದಲುಬದಲು ಮಾಡುತ್ತಿದೆ. ಎಲ್ಲಿ ಸರಿಪಡಿಸಬೇಕು?

ಓಲೆಗರಿ
ಎಐ ಸಹಾಯಕಕ್ಕೆ ಓಪನ್ ಲೈಬ್ರರಿ ಎಂಬ ಆನ್‌ಲೈನ್ ಪುಸ್ತಕ ಡೇಟಾಬೇಸ್ ಜೋಡಿಸಲು ಸಣ್ಣದೊಂದು ಎಂಸಿಪಿ ಸರ್ವರ್ (ಸಹಾಯಕಕ್ಕೆ ಹೊರಗಿನ ಟೂಲ್ ಒದಗಿಸುವ ಪ್ರೋಗ್ರಾಂ) ಬರೆದಿದ್ದೇನೆ. ಪೈಥಾನ್, ನನ್ನ ಕಂಪ್ಯೂಟರಿನಲ್ಲೇ ಓಡುತ್ತದೆ. ಇರುವುದು ಒಂದೇ ಟೂಲ್, ಹೆಸರು "ಪುಸ್ತಕ ಹುಡುಕು". ಕೇಳಿದ ಪದವನ್ನು ಸರ್ಚ್‌ಗೆ ಕಳಿಸಿ, ಬಂದ ಜೇಸನ್ (ಫೀಲ್ಡುಗಳಾಗಿ ಜೋಡಿಸಿದ ಡೇಟಾ ಪಠ್ಯ) ಅನ್ನು ಇಡಿಯಾಗಿ ಮಾಡೆಲ್ (ಸಹಾಯಕದ ಒಳಗಿನ ಎಐ) ಕೈಗೆ ಕೊಡುತ್ತದೆ.

ಸಂಪರ್ಕವೇನೋ ಸರಿಯಿದೆ, ಉತ್ತರ ಸರಿಯಿಲ್ಲ. ಒಂದೇ ಹೆಸರಿನ ಇಬ್ಬರು ಲೇಖಕರ ಪುಸ್ತಕಗಳು ಒಂದೇ ಪಟ್ಟಿಯಲ್ಲಿ ಬರುತ್ತವೆ. ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಕೇಳಿದರೆ ಬೇರೆ ಆವೃತ್ತಿಯದ್ದು, ಕೆಲವೊಮ್ಮೆ ಎಲ್ಲೂ ಇಲ್ಲದ್ದು ಬರುತ್ತದೆ. "ಇವರು ಎಷ್ಟು ಪುಸ್ತಕ ಬರೆದಿದ್ದಾರೆ" ಅಂದರೆ ಕೇಳಿದಾಗಲೆಲ್ಲ ಬೇರೆ ಸಂಖ್ಯೆ. ಪ್ರಾಂಪ್ಟ್‌ನಲ್ಲಿ "ಊಹಿಸಬೇಡ" ಅಂತ ಬರೆದೆ, ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ. ಪ್ರಾಂಪ್ಟ್ ತಿದ್ದಬೇಕಾ, ಟೂಲ್ ತಿದ್ದಬೇಕಾ, ಡೇಟಾಬೇಸನ್ನೇ ಬದಲಿಸಬೇಕಾ?

ಪುಟ404
ಟೂಲ್. ಪ್ರಾಂಪ್ಟ್ ಮುಟ್ಟಲೇಬೇಡಿ.

ಸೂಚಿಕಾರ
ಪುಟ404 ಹೇಳಿದ್ದು ಸರಿ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಓಪನ್ ಲೈಬ್ರರಿಯಲ್ಲಿ ಮೂರು ಬಗೆಯ ದಾಖಲೆಗಳಿವೆ: ಲೇಖಕ, ಕೃತಿ, ಆವೃತ್ತಿ. ಗುರುತಿನ ಸಂಖ್ಯೆ ಎಲ್ಲಕ್ಕೂ "ಓಎಲ್" ಅಂತಲೇ ಶುರುವಾಗುತ್ತದೆ, ಬೇರೆಯಾಗುವುದು ಕೊನೆಯ ಅಕ್ಷರದಲ್ಲಿ. ಲೇಖಕನಿಗೆ "ಎ", ಕೃತಿಗೆ "ಡಬ್ಲ್ಯು", ಆವೃತ್ತಿಗೆ "ಎಂ". ಒಂದು ಕಾದಂಬರಿ ಹತ್ತು ಸಲ ಅಚ್ಚಾಗಿದ್ದರೆ ಅದು ಒಂದು ಕೃತಿ, ಹತ್ತು ಆವೃತ್ತಿ. ಐಎಸ್‌ಬಿಎನ್ ಇರುವುದು ಆವೃತ್ತಿಗೆ, ಕೃತಿಗಲ್ಲ.

ಸರ್ಚ್ ಕೊಡುವುದು ಕೃತಿಗಳನ್ನು. ಅದರಲ್ಲಿ ಐಎಸ್‌ಬಿಎನ್ ಫೀಲ್ಡ್ ಕೇಳಿದರೆ ಆ ಕೃತಿಯ ಎಲ್ಲ ಆವೃತ್ತಿಗಳ ಸಂಖ್ಯೆಗಳೂ ಒಂದೇ ಸಾಲಿನಲ್ಲಿ ಬಂದು ಬೀಳುತ್ತವೆ. ಗಟ್ಟಿ ರಟ್ಟು, ಮೆತ್ತನೆ ರಟ್ಟು, ಬೇರೆ ಭಾಷೆಯದ್ದು, ಎಲ್ಲ ಸೇರಿ. ಯಾವುದು ಯಾವುದರದ್ದು ಅಂತ ಆ ಸಾಲಿನಲ್ಲಿ ಗುರುತಿಲ್ಲ. ಮಾಡೆಲ್ ಮೊದಲನೆಯದನ್ನು ಎತ್ತಿಕೊಟ್ಟರೆ ತಪ್ಪು ಅದರದ್ದಲ್ಲ, ಆ ಸಾಲನ್ನು ಹಾಗೇ ಕೊಟ್ಟ ಟೂಲಿನದ್ದು.

ಲೇಖಕರದ್ದೂ ಇದೇ ಕಥೆ. ನೀವು ಕಳಿಸುತ್ತಿರುವುದು ಹೆಸರು. ಹೆಸರು ಒಂದು ಅಕ್ಷರಸಾಲು ಅಷ್ಟೇ, ಅದರಿಂದ ವ್ಯಕ್ತಿ ಯಾರೆಂದು ಗೊತ್ತಾಗುವುದಿಲ್ಲ.

ಮೂರನೇಕಪಾಟು
ಒಂದು ಟೂಲನ್ನು ನಾಲ್ಕಾಗಿ ಒಡೆಯಿರಿ:

1. ಲೇಖಕ ಹುಡುಕು. ಹೆಸರು ಒಳಗೆ ಹೋಗಬೇಕು, ಅಭ್ಯರ್ಥಿಗಳ ಪಟ್ಟಿ ಹೊರಗೆ ಬರಬೇಕು. ಪ್ರತಿ ಸಾಲಿನಲ್ಲಿ ಐಡಿ, ಹೆಸರು, ಹುಟ್ಟಿದ ವರ್ಷ, ಕೃತಿಗಳ ಸಂಖ್ಯೆ, ಮುಖ್ಯ ಕೃತಿ. ಓಪನ್ ಲೈಬ್ರರಿಯ ಲೇಖಕ ಸರ್ಚ್ ಇವನ್ನೆಲ್ಲ ತಾನೇ ಕೊಡುತ್ತದೆ.
2. ಲೇಖಕರ ಕೃತಿಗಳು. ಇದಕ್ಕೆ ಐಡಿ ಮಾತ್ರ, ಹೆಸರು ಕೊಟ್ಟರೆ ವಾಪಸ್ ಕಳಿಸಬೇಕು.
3. ಕೃತಿಯ ಆವೃತ್ತಿಗಳು. ಕೃತಿಯ ಐಡಿ ಮಾತ್ರ.
4. ಐಎಸ್‌ಬಿಎನ್‌ನಿಂದ ಆವೃತ್ತಿ.

ಎರಡನೆಯದು ಹೆಸರನ್ನು ಒಪ್ಪದಿರುವುದೇ ಇಲ್ಲಿ ಕೀಲಿಕೈ. "ಓಎಲ್, ಅಂಕಿಗಳು, ಎ" ಈ ಆಕಾರದಲ್ಲಿಲ್ಲದ್ದನ್ನು ಇನ್‌ಪುಟ್ ಸ್ಕೀಮಾದಲ್ಲೇ (ಟೂಲ್ ಏನನ್ನು ಒಪ್ಪುತ್ತದೆ ಎಂಬ ನಿಯಮದಲ್ಲಿ) ತಡೆದರೆ ಮಾಡೆಲ್ ಮೊದಲನೇ ಟೂಲ್ ಮೂಲಕ ಬರಲೇಬೇಕಾಗುತ್ತದೆ. ಅಭ್ಯರ್ಥಿ ಒಬ್ಬರಿಗಿಂತ ಹೆಚ್ಚಿದ್ದರೆ ಉತ್ತರದ ಜೊತೆ "ಒಂದಕ್ಕಿಂತ ಹೆಚ್ಚು ಲೇಖಕರು ಸಿಕ್ಕಿದ್ದಾರೆ, ಬಳಕೆದಾರರನ್ನು ಕೇಳು" ಎಂಬ ಸಾಲು ಸೇರಿಸಿ. ಅದೇ ಮಾತು ಸಿಸ್ಟಂ ಪ್ರಾಂಪ್ಟಿನಲ್ಲಿ ಮೇಲೆಲ್ಲೋ ಇರುವುದಕ್ಕಿಂತ ಟೂಲಿನ ಉತ್ತರದಲ್ಲೇ ಇದ್ದರೆ ಮಾಡೆಲ್ ಹೆಚ್ಚು ಗಮನಿಸುತ್ತದೆ.

ಹೊಸಓದುಗ
ಎಂಸಿಪಿ ಅಂದ್ರೆ ಏನು ಅಂತ ಎರಡು ಸಾಲಲ್ಲಿ ಹೇಳ್ತೀರಾ? ನೇರ ವೆಬ್ ಸರ್ಚ್ ಕೊಟ್ಟರೆ ಸಾಲದಾ?

ಪುಟ404
ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್. ಆಂಥ್ರೋಪಿಕ್ 2024ರ ನವೆಂಬರ್‌ನಲ್ಲಿ ಹೊರತಂದ ಮುಕ್ತ ಪ್ರೋಟೋಕಾಲ್. ಸಹಾಯಕ "ನಿನ್ನ ಹತ್ತಿರ ಏನೇನು ಟೂಲ್ ಇದೆ" ಅಂತ ಕೇಳುತ್ತದೆ, ಸರ್ವರ್ ಪಟ್ಟಿ ಕೊಡುತ್ತದೆ. ಆಮೇಲೆ ಬೇಕಾದ ಟೂಲನ್ನು ಹೆಸರು ಹಿಡಿದು ಕರೆಯುತ್ತದೆ. ಒಳಗೆ ಓಡಾಡುವುದು ಜೇಸನ್ ಆರ್‌ಪಿಸಿ 2.0 ಸಂದೇಶಗಳು. ವೆಬ್ ಸರ್ಚ್‌ನಲ್ಲಿ ಅಂಗಡಿ ಪುಟ, ವಿಮರ್ಶೆ, ನಕಲು ಪಟ್ಟಿ ಎಲ್ಲ ಕಲಸಿಕೊಂಡು ಬರುತ್ತದೆ, ಐಡಿ ಸಿಗುವುದಿಲ್ಲ. ಈ ಚರ್ಚೆ ಇಡೀ ಐಡಿ ಬಗ್ಗೆಯೇ ಇದೆ.

ಬೈಂಡಿಂಗ್‌ದಾರ
ಓಲೆಗರಿ, ಇಷ್ಟೆಲ್ಲ ಯಾಕೆ? ಗೂಗಲ್ ಬುಕ್ಸ್ ಎಪಿಐ (ಪ್ರೋಗ್ರಾಂಗಳು ನೇರ ಡೇಟಾ ಕೇಳುವ ದಾರಿ) ಹಾಕಿ. "ಇನ್‌ಆಥರ್" ಅಂತ ಸೇರಿಸಿ ಕೇಳಿದರೆ ಲೇಖಕರ ಪುಸ್ತಕ ಬರುತ್ತೆ, ಐಎಸ್‌ಬಿಎನ್ ಆವೃತ್ತಿಗೆ ತಕ್ಕಂತೆ ಬರುತ್ತೆ, ವಿವರಣೆಯೂ ಚೆನ್ನಾಗಿರುತ್ತೆ.

ಸೂಚಿಕಾರ
ಐಎಸ್‌ಬಿಎನ್‌ಗೆ ಒಪ್ಪುತ್ತೇನೆ. ಲೇಖಕರಿಗೆ ಖಂಡಿತ ಬೇಡ. ಗೂಗಲ್ ಬುಕ್ಸ್‌ನಲ್ಲಿ ಲೇಖಕ ಅಂದರೆ ಬರೀ ಹೆಸರಿನ ಸ್ಟ್ರಿಂಗ್, ಲೇಖಕರ ಐಡಿ ಎಂಬುದೇ ಇಲ್ಲ. ಓಲೆಗರಿಯವರ ಮೊದಲ ತೊಂದರೆ ಅಲ್ಲಿ ಹೋದರೆ ಇನ್ನೂ ಹೆಚ್ಚುತ್ತದೆ. ಒಂದು ಸಲಕ್ಕೆ 40ಕ್ಕಿಂತ ಹೆಚ್ಚು ಫಲಿತಾಂಶ ಕೊಡುವುದಿಲ್ಲ. ಪುಟ ತಿರುಗಿಸುತ್ತ ಹೋದಂತೆ "ಒಟ್ಟು ಎಷ್ಟು" ಎಂಬ ಅಂಕಿಯೇ ಬದಲಾಗುತ್ತದೆ, ಹಾಗಾಗಿ ಎಣಿಕೆಗೂ ಆಗದು.

ಬೈಂಡಿಂಗ್‌ದಾರ
ಅದು ನಿಜ. ಐಡಿ ವಿಷಯ ಬಿಟ್ಟೇಹೋಗಿತ್ತು. ಐಎಸ್‌ಬಿಎನ್ ತಾಳೆ ನೋಡಲು ಎರಡನೇ ಮೂಲವಾಗಿ ಇಟ್ಟುಕೊಳ್ಳಿ, ಅಷ್ಟು ಸಾಕು.

ರಕ್ಷಾಪುಟ
ಗುಡ್‌ರೀಡ್ಸ್ (ಓದುಗರ ಪುಸ್ತಕ ತಾಣ) ಯಾಕೆ ಯಾರೂ ಹೇಳ್ತಿಲ್ಲ?

ಪುಟ404
2020ರ ಡಿಸೆಂಬರ್‌ನಿಂದ ಹೊಸ ಎಪಿಐ ಕೀ ಕೊಡುವುದನ್ನು ನಿಲ್ಲಿಸಿದ್ದಾರೆ. ಹಳೇ ಪಾಠಗಳಲ್ಲಿ ಇನ್ನೂ ಅದೇ ಕೋಡ್ ಇದೆ, ಅದರ ಹಿಂದೆ ಹೋಗಬೇಡಿ.

ಅರ್ಕಾವತ್ತು
ಐಎಸ್‌ಬಿಎನ್ ವಿಚಾರಕ್ಕೆ ಬರೋಣ. "ಎಲ್ಲೂ ಇಲ್ಲದ ಸಂಖ್ಯೆ" ಬರುವುದಕ್ಕೆ ಒಂದು ನಿರ್ದಿಷ್ಟ ಕಾರಣವಿದೆ. ಹಳೆಯ ಆವೃತ್ತಿಗೆ 10 ಅಂಕಿಯ ಐಎಸ್‌ಬಿಎನ್ ಮಾತ್ರ ದಾಖಲಾಗಿರುತ್ತದೆ, ಬಳಕೆದಾರರು 13 ಅಂಕಿಯದ್ದು ಕೇಳುತ್ತಾರೆ (2007ರ ಜನವರಿ 1ರಿಂದ 13 ಅಂಕಿಯೇ ಚಾಲ್ತಿ). ಮಾಡೆಲ್ ಮುಂದೆ 978 ಅಂಟಿಸಿ ಕೊಟ್ಟುಬಿಡುತ್ತದೆ. ಕೊನೆಯ ಅಂಕಿಯನ್ನು ಮತ್ತೆ ಲೆಕ್ಕ ಹಾಕಬೇಕು ಎಂಬುದನ್ನು ಬಿಡುತ್ತದೆ.

ಉದಾಹರಣೆಗೆ 0306406152. ಕೊನೆಯಲ್ಲಿರುವ 2 ಎಂಬುದು ತಾಳೆ ಅಂಕಿ (ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಇಟ್ಟದ್ದು). ಅದನ್ನು ತೆಗೆದು, ಮುಂದೆ 978 ಸೇರಿಸಿ: 978030640615. ಈಗ ಅಂಕಿಗಳನ್ನು ಎಡದಿಂದ 1, 3, 1, 3 ಹೀಗೆ ಗುಣಿಸಿ ಕೂಡಿ:

9 + 21 + 8 + 0 + 3 + 0 + 6 + 12 + 0 + 18 + 1 + 15 = 93

ಮುಂದಿನ ಹತ್ತರ ಗುಣಕ 100. ಅದರಲ್ಲಿ 93 ಕಳೆದರೆ 7. ಸರಿಯಾದದ್ದು 9780306406157. ಮಾಡೆಲ್ ಕೊಡುವುದು ಕೊನೆಯಲ್ಲಿ 2 ಇರುವ ಸಂಖ್ಯೆ, ಅಂಥದ್ದು ಇರಲು ಸಾಧ್ಯವೇ ಇಲ್ಲ.

ಪರಿವರ್ತನೆಯನ್ನು ಸರ್ವರ್ ಕೋಡಿನಲ್ಲೇ ಮಾಡಿ, 13 ಅಂಕಿಯದ್ದನ್ನು ಸಿದ್ಧವಾಗಿ ಕೊಡಿ. ಆಗ ಮಾಡೆಲ್ ಲೆಕ್ಕಕ್ಕೆ ಕೈಹಾಕುವ ಸಂದರ್ಭವೇ ಬರುವುದಿಲ್ಲ. ಹಿಮ್ಮುಖ ಪರಿವರ್ತನೆ 978ರಿಂದ ಶುರುವಾದವಕ್ಕೆ ಮಾತ್ರ. 979ರಿಂದ ಶುರುವಾದವಕ್ಕೆ 10 ಅಂಕಿಯ ರೂಪ ಇಲ್ಲ.

ರಕ್ಷಾಪುಟ
ಹಾಗಾದರೆ ತಾಳೆ ಅಂಕಿ ಸರಿ ಇದ್ದರೆ ಐಎಸ್‌ಬಿಎನ್ ನಿಜ ಅಂತ ತಾನೇ?

ಅರ್ಕಾವತ್ತು
ಅಲ್ಲ. ಸಂಖ್ಯೆಯ ರಚನೆ ಸರಿ ಅಂತ ಮಾತ್ರ. ಪುಸ್ತಕ ಇದೆಯೋ ಇಲ್ಲವೋ ಡೇಟಾಬೇಸನ್ನೇ ಕೇಳಬೇಕು. ಮೊದಲು ತಾಳೆ, ಅದು ಪಾಸಾದರೆ ಮಾತ್ರ ಹುಡುಕಾಟ. ತಪ್ಪು ಸಂಖ್ಯೆಗೆ ವೃಥಾ ಕರೆ ಹೋಗುವುದು ಉಳಿಯುತ್ತದೆ.

ಪುಟ404
ಅಲ್ಲೊಂದು ಹೊಂಡ ಇದೆ. ಓಪನ್ ಲೈಬ್ರರಿಯ ಐಎಸ್‌ಬಿಎನ್ ವಿಳಾಸ ನೇರ ದಾಖಲೆ ಕೊಡುವುದಿಲ್ಲ, ಆವೃತ್ತಿಯ ವಿಳಾಸಕ್ಕೆ ರೀಡೈರೆಕ್ಟ್ ಮಾಡುತ್ತದೆ (ಅಲ್ಲಿಗೆ ಹೋಗಿ ಕೇಳು ಅನ್ನುತ್ತದೆ). ಪೈಥಾನಿನ ರಿಕ್ವೆಸ್ಟ್ಸ್ ಲೈಬ್ರರಿ ತಾನಾಗಿ ಹಿಂಬಾಲಿಸುತ್ತದೆ. ಅದೇ ಕೆಲಸದ ಇನ್ನೊಂದು ಲೈಬ್ರರಿ ಎಚ್‌ಟಿಟಿಪಿಎಕ್ಸ್ ಹಿಂಬಾಲಿಸುವುದಿಲ್ಲ, ಫಾಲೋ ರೀಡೈರೆಕ್ಟ್ಸ್ ಆಯ್ಕೆಯನ್ನು ನೀವೇ ಆನ್ ಮಾಡಬೇಕು. ಮಾಡದಿದ್ದರೆ ಖಾಲಿ ಉತ್ತರ ಮಾಡೆಲ್‌ಗೆ ಹೋಗುತ್ತದೆ, ಆ ಖಾಲಿ ಜಾಗವನ್ನು ಅದು ತನ್ನ ನೆನಪಿನಿಂದ ತುಂಬುತ್ತದೆ. ಓಲೆಗರಿ, ನೀವು ಯಾವುದು ಬಳಸಿದ್ದೀರಿ?

ಓಲೆಗರಿ
ಎಚ್‌ಟಿಟಿಪಿಎಕ್ಸ್. ಆ ಆಯ್ಕೆ ಹಾಕಿಲ್ಲ.

ಪುಟ404
ನಿಮ್ಮ ಎರಡನೇ ತೊಂದರೆಯ ಅರ್ಧ ಅಲ್ಲೇ ಇದೆ. ಇನ್ನರ್ಧಕ್ಕೆ: ಏನೂ ಸಿಗದಿದ್ದಾಗ ಖಾಲಿ ಪಟ್ಟಿ ಕಳಿಸಬೇಡಿ. "ಈ ಐಎಸ್‌ಬಿಎನ್‌ಗೆ ದಾಖಲೆ ಇಲ್ಲ" ಅಂತ ವಾಕ್ಯದಲ್ಲೇ ಹೇಳಿ. ಸರ್ವರ್ ಕೆಟ್ಟಿದ್ದರೆ ಅದು ಬೇರೆ ಸಂಗತಿ, ಎಂಸಿಪಿಯಲ್ಲಿ ಅದಕ್ಕೆ "ಈಸ್ ಎರರ್" ಗುರುತು ಇದೆ, ಅದನ್ನು ಹಾಕಿ. "ಪುಸ್ತಕ ಇಲ್ಲ" ಮತ್ತು "ಕೇಳಲು ಆಗಲಿಲ್ಲ" ಎರಡೂ ಒಂದೇ ಥರ ಕಂಡರೆ ಇರುವ ಪುಸ್ತಕವನ್ನೂ ಸಹಾಯಕ ಇಲ್ಲ ಅಂದುಬಿಡುತ್ತದೆ.

ಕೊಂಬುದೀರ್ಘ
ಎಲ್ಲರೂ ಇಂಗ್ಲಿಷ್ ಹೆಸರು ಇಟ್ಟುಕೊಂಡು ಮಾತಾಡುತ್ತಿದ್ದೀರಿ. ಕನ್ನಡದಲ್ಲಿ ಕೇಳಿದಾಗ ಏನಾಗುತ್ತದೆ ನೋಡಿ.

ಮೊದಲನೆಯದು, "ಕೊ" ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಕೂಡಿಸಬಹುದು: ಕ ಜೊತೆ ಒಂದೇ ಒ ಸ್ವರಚಿಹ್ನೆ, ಅಥವಾ ಕ ಜೊತೆ ಎ ಸ್ವರಚಿಹ್ನೆ, ಅದರ ಮೇಲೆ ಊ ಸ್ವರಚಿಹ್ನೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಕೀ, ಕೇ, ಕೈ, ಕೋ ಇವಕ್ಕೂ ಹೀಗೇ. ಹುಡುಕುವ ಪದವನ್ನೂ ಬಂದ ಉತ್ತರವನ್ನೂ ಎನ್‌ಎಫ್‌ಸಿ ರೂಪಕ್ಕೆ (ಯೂನಿಕೋಡ್‌ನ ಕೂಡಿಸಿದ ಪ್ರಮಾಣ ರೂಪ) ತಂದು ಹೋಲಿಸಿ. ಪೈಥಾನಿನಲ್ಲಿ ಯೂನಿಕೋಡ್‌ಡೇಟಾ ಮಾಡ್ಯೂಲ್ ಒಂದೇ ಸಾಲಿನಲ್ಲಿ ಮಾಡುತ್ತದೆ.

ಎರಡನೆಯದು, ಎನ್‌ಎಫ್‌ಸಿ ತೆಗೆಯದ ಅದೃಶ್ಯ ಅಕ್ಷರಗಳು. "ರ್ಯಾಂಕ್" ಮತ್ತು "ರ‍್ಯಾಂಕ್" ನೋಡಿ. ಎರಡನೆಯದರಲ್ಲಿ ರ ಆದ ಮೇಲೆ ಜೋಡಿಸುವ ಶೂನ್ಯ ಅಗಲದ ಅಕ್ಷರ ಕೂತಿದೆ. "ಬುಕ್‌ನಲ್ಲಿ" ಅಂತ ಬರೆದಾಗ ಬಿಡಿಸುವ ಅಕ್ಷರ ಕೂರುತ್ತದೆ. ಇವನ್ನು ಹೋಲಿಕೆಗೆ ಮಾತ್ರ ತೆಗೆಯಿರಿ, ತೋರಿಸುವಾಗ ಮೂಲವನ್ನೇ ತೋರಿಸಿ. ತೆಗೆದದ್ದನ್ನೇ ತೋರಿಸಿದರೆ ಪದದ ರೂಪ ಕೆಟ್ಟು ಹೋಗುತ್ತದೆ.

ಮೂರನೆಯದು, ಕನ್ನಡ ಪುಸ್ತಕಗಳ ದಾಖಲೆ ಎಷ್ಟೋ ಕಡೆ ರೋಮನ್ ಲಿಪಿಯಲ್ಲೇ ಇದೆ, ಅದೂ ಗ್ರಂಥಾಲಯಗಳ ಲಿಪ್ಯಂತರ ಪದ್ಧತಿಯಲ್ಲಿ: ದೀರ್ಘಕ್ಕೆ ಮೇಲೆ ಗೆರೆ, ಳ ಮತ್ತು ಣಕ್ಕೆ ಕೆಳಗೆ ಚುಕ್ಕಿ. ಲಿಪಿಯಲ್ಲಿ ಕೇಳಿದರೆ ಅವು ಸಿಗುವುದಿಲ್ಲ. ಲೇಖಕ ಹುಡುಕುವ ಟೂಲಿಗೆ ಎರಡು ರೂಪ ಒಟ್ಟಿಗೆ ಕಳಿಸುವ ಅವಕಾಶ ಇರಲಿ, ಕನ್ನಡ ಲಿಪಿಯದ್ದೊಂದು, ರೋಮನ್ ಒಂದು. ಎರಡರಿಂದ ಬಂದದ್ದನ್ನು ಐಡಿ ನೋಡಿ ಒಂದುಗೂಡಿಸಿ. ಭಾಷೆಯಿಂದ ಸೋಸುವುದಾದರೆ ಓಪನ್ ಲೈಬ್ರರಿಯಲ್ಲಿ ಬಳಕೆಯಲ್ಲಿರುವುದು ಮೂರಕ್ಷರದ ಸಂಕೇತ, ಕನ್ನಡಕ್ಕೆ "ಕೆ ಎ ಎನ್". ಗೂಗಲ್ ಬುಕ್ಸ್‌ಗೆ ಎರಡಕ್ಷರದ "ಕೆ ಎನ್". ಇದನ್ನು ಅದಕ್ಕೆ, ಅದನ್ನು ಇದಕ್ಕೆ ಕೊಟ್ಟರೆ ಸೋಸುವಿಕೆ ಹಳ್ಳ ಹಿಡಿಯುತ್ತದೆ.

ಬೈಂಡಿಂಗ್‌ದಾರ
ಇನಿಷಿಯಲ್ ಬಗ್ಗೆಯೂ ಹೇಳಿಬಿಡಿ. ಎರಡು ಇನಿಷಿಯಲ್ ಮುಂದೆ, ಹೆಸರು ಹಿಂದೆ ಇದ್ದರೆ ಒಂದು ದಾಖಲೆಯಲ್ಲಿ ಚುಕ್ಕಿ ಇರುತ್ತೆ, ಇನ್ನೊಂದರಲ್ಲಿ ಇರಲ್ಲ, ಮತ್ತೊಂದರಲ್ಲಿ ಹೆಸರು ಮೊದಲು, ಅಲ್ಪವಿರಾಮ, ಆಮೇಲೆ ಇನಿಷಿಯಲ್.

ಕೊಂಬುದೀರ್ಘ
ಹೌದು. ಕೊನೆಯ ಪದವೇ ಕುಲನಾಮ ಎಂದುಕೊಂಡು ತಿರುಗಿಸಿದ ದಾಖಲೆಗಳು ಅವು. ಹೋಲಿಕೆಗೆ ಚುಕ್ಕಿ, ಅಲ್ಪವಿರಾಮಗಳ ಬದಲು ಖಾಲಿ ಜಾಗ ಇಟ್ಟು, ಪದಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿ ನೋಡಿದರೆ ಮೂರೂ ಒಂದೇ ಆಗುತ್ತವೆ. ಆದರೆ ಅಲ್ಲಿಗೆ "ಒಬ್ಬರೇ" ಅಂತ ತೀರ್ಮಾನ ಬೇಡ. ಅಭ್ಯರ್ಥಿ ಪಟ್ಟಿಗೆ ಸೇರಿಸಲು ಅಷ್ಟು ಸಾಕು, ಇಬ್ಬರನ್ನು ಒಂದು ಮಾಡಲು ಸಾಲದು.

ಬಳಕೆದಾರರು ಐಎಸ್‌ಬಿಎನ್ ಅನ್ನು ಕನ್ನಡ ಅಂಕಿಯಲ್ಲೂ ಬರೆಯುತ್ತಾರೆ, ೯೭೮ ಹೀಗೆ. ಪೈಥಾನ್ ಇದನ್ನು ಅಂಕಿ ಎಂದೇ ಓದುತ್ತದೆ. ಜಾವಾಸ್ಕ್ರಿಪ್ಟ್ ರೆಗೆಕ್ಸ್‌ನ (ಪಠ್ಯದ ಮಾದರಿ ಹುಡುಕುವ ಸೂತ್ರ) ಅಂಕಿ ಗುರುತು 0ಯಿಂದ 9ರವರೆಗೆ ಮಾತ್ರ. ಕಳಿಸುವ ಮುಂಚೆ ಪರಿವರ್ತಿಸಿ.

ಹೊಸಓದುಗ
ಇಬ್ಬರನ್ನು ಬೇರೆ ಮಾಡಲು ಹುಟ್ಟಿದ ವರ್ಷ ಸಾಲದಾ?

ಸೂಚಿಕಾರ
ಇದ್ದರೆ ಸಾಕು, ಎಷ್ಟೋ ದಾಖಲೆಗಳಲ್ಲಿ ಅದೇ ಇರುವುದಿಲ್ಲ. ಆಗ ವಿಕಿಡೇಟಾ (ವಿಕಿಪೀಡಿಯದ ಸೋದರ ಡೇಟಾಬೇಸ್) ಕೈ ಹಿಡಿಯುತ್ತದೆ. ಅದರಲ್ಲಿ ಪಿ648 ಎಂಬುದು ಓಪನ್ ಲೈಬ್ರರಿ ಐಡಿ, ಪಿ214 ವಿಐಎಎಫ್, ಪಿ213 ಐಎಸ್‌ಎನ್‌ಐ. ವಿಐಎಎಫ್ ಅಂದರೆ ಹಲವು ರಾಷ್ಟ್ರೀಯ ಗ್ರಂಥಾಲಯಗಳ ಲೇಖಕ ದಾಖಲೆಗಳನ್ನು ಒಂದೆಡೆ ಪೋಣಿಸಿರುವ ಕಡತ. ಐಎಸ್‌ಎನ್‌ಐ ಅಂದರೆ ವ್ಯಕ್ತಿಗೆ ಕೊಡುವ 16 ಅಂಕಿಯ ಅಂತರರಾಷ್ಟ್ರೀಯ ಗುರುತು. ಎರಡು ಓಪನ್ ಲೈಬ್ರರಿ ಐಡಿಗಳು ಬೇರೆ ಬೇರೆ ವಿಐಎಎಫ್‌ಗೆ ಹೋದರೆ ಬಹುಮಟ್ಟಿಗೆ ಇಬ್ಬರು. ಒಂದೇ ವಿಕಿಡೇಟಾ ಪುಟದಲ್ಲಿ ಎರಡೂ ಇದ್ದರೆ ಒಬ್ಬರೇ ವ್ಯಕ್ತಿಗೆ ಎರಡು ದಾಖಲೆ ಆಗಿದೆ ಎಂದರ್ಥ.

ಒಂದು ಎಚ್ಚರಿಕೆ: ಪಿ648ರಲ್ಲಿ ಲೇಖಕ, ಕೃತಿ, ಆವೃತ್ತಿ ಮೂರೂ ಬಗೆಯ ಐಡಿಗಳು ಬರುತ್ತವೆ. ಕೊನೆಯ ಅಕ್ಷರ ನೋಡಿಯೇ ಮುಂದಕ್ಕೆ ಕಳಿಸಿ.

ರಕ್ಷಾಪುಟ
ಮಾಡೆಲ್‌ಗೆ ಸ್ಪಾರ್ಕಲ್ (ವಿಕಿಡೇಟಾಗೆ ಪ್ರಶ್ನೆ ಬರೆಯುವ ಭಾಷೆ) ಬರೆಯಲು ಬಿಟ್ಟರೆ ಇದೆಲ್ಲ ಅದೇ ಮಾಡಿಕೊಳ್ಳುತ್ತಲ್ಲ?

ಮೂರನೇಕಪಾಟು
ಬರೆಯುತ್ತದೆ, ಆದರೆ ಪಿ648 ಥರದ ಪ್ರಾಪರ್ಟಿ ಸಂಖ್ಯೆಗಳನ್ನು ನೆನಪಿನಿಂದ ತೆಗೆಯುತ್ತದೆ. ಒಂದು ಅಂಕಿ ಜಾರಿದರೂ ಪ್ರಶ್ನೆ ತಪ್ಪಿಲ್ಲದೆ ಓಡುತ್ತದೆ, ಉತ್ತರ ಮಾತ್ರ ಬೇರೆ ವಿಷಯದ್ದು. ಸಡಿಲ ಪ್ರಶ್ನೆ ಬರೆದರೆ 60 ಸೆಕೆಂಡಿನ ಮಿತಿಗೆ ಕಡಿದುಹೋಗುತ್ತದೆ. ಪ್ರಶ್ನೆಯ ಅಚ್ಚು ಸರ್ವರಿನಲ್ಲಿ ಇರಲಿ, ಮಾಡೆಲ್ ಅದಕ್ಕೆ ಐಡಿ ಮಾತ್ರ ತುಂಬಲಿ.

ರಕ್ಷಾಪುಟ
ಪೂರ್ತಿ ಒಪ್ಪಲ್ಲ. ಸಂಶೋಧನೆಗೆ ಕೂತವರಿಗೆ ನಾಲ್ಕು ಅಚ್ಚು ಸಾಲದು. ಅವರು ಸ್ಪಾರ್ಕಲ್ ಓದಬಲ್ಲರು, ತಪ್ಪು ಹಿಡಿಯಬಲ್ಲರು.

ಮೂರನೇಕಪಾಟು
ಓದಬಲ್ಲವರಿಗೆ ಸರಿ. ಹಾಗಾದರೆ ಓಡಿದ ಪ್ರಶ್ನೆಯನ್ನೂ ಉತ್ತರದ ಜೊತೆ ತೋರಿಸುವಂತಿರಲಿ. ಓಲೆಗರಿಯವರದ್ದು ಓದುಗರಿಗೆ ಮಾಡಿದ್ದು, ಅಲ್ಲಿ ಅಚ್ಚೇ ಇರಲಿ.

ಅರ್ಕಾವತ್ತು
ಫೀಲ್ಡ್ ವಿಷಯ ಯಾರೂ ಎತ್ತಿಲ್ಲ. ಜೇಸನ್ ಇಡಿಯಾಗಿ ಕೊಡುವುದನ್ನು ನಿಲ್ಲಿಸಿ. ಸರ್ಚ್‌ನಲ್ಲಿ "ಫೀಲ್ಡ್ಸ್" ಕೊಟ್ಟು ಬೇಕಾದ್ದನ್ನೇ ಕೇಳಿ: ಕೀ, ಶೀರ್ಷಿಕೆ, ಲೇಖಕರ ಹೆಸರು, ಲೇಖಕರ ಕೀ, ಮೊದಲ ಪ್ರಕಟಣೆ ವರ್ಷ. ಮಿತಿ 10 ಇಡಿ. ಉದ್ದ ಜೇಸನ್ ಮಧ್ಯದಲ್ಲಿರುವುದು ಮಾಡೆಲ್ ಗಮನಕ್ಕೆ ಬಾರದೆ ಹೋಗಬಹುದು, ಟೋಕನ್ ಖರ್ಚೂ ದಂಡ.

"ಮೊದಲ ಪ್ರಕಟಣೆ ವರ್ಷ" ಅಂದರೆ ಆ ಕೃತಿಯಡಿ ದಾಖಲಾದ ಆವೃತ್ತಿಗಳಲ್ಲಿ ಅತಿ ಹಳೆಯದರ ವರ್ಷ ಅಷ್ಟೇ. ಒಂದು ಆವೃತ್ತಿಗೆ ಯಾರೋ ತಪ್ಪು ವರ್ಷ ಹಾಕಿದರೆ ಕೃತಿಯೇ ಹಿಂದಕ್ಕೆ ಜಾರುತ್ತದೆ. ಹುಟ್ಟುವ ಮುಂಚೆಯೇ ಪುಸ್ತಕ ಬರೆದ ಲೇಖಕರು ಹೀಗೆ ಸೃಷ್ಟಿಯಾಗುತ್ತಾರೆ. ಎರಡೂ ವರ್ಷ ಕೈಯಲ್ಲಿದ್ದರೆ ಸರ್ವರಿನಲ್ಲೇ ಹೋಲಿಸಿ, ಅನುಮಾನದ ಗುರುತು ಹಾಕಿ.

ಮತ್ತೊಂದು, ಕೃತಿಯ "ವಿವರಣೆ" ಕೆಲವು ದಾಖಲೆಗಳಲ್ಲಿ ನೇರ ಪಠ್ಯ, ಕೆಲವದರಲ್ಲಿ ಒಳಗೆ "ವ್ಯಾಲ್ಯೂ" ಇರುವ ಆಬ್ಜೆಕ್ಟ್. ಎರಡನ್ನೂ ಸಂಭಾಳಿಸದಿದ್ದರೆ ಟೂಲ್ ಅರ್ಧಕ್ಕೇ ನಿಲ್ಲುತ್ತದೆ.

ಸೂಚಿಕಾರ
ವಿವರಣೆ ಎಂದ ಮೇಲೆ ಇದೂ ಸೇರಲಿ. ಖಾತೆ ಇರುವ ಯಾರು ಬೇಕಾದರೂ ತಿದ್ದಬಹುದಾದ ಪಠ್ಯ ಅದು. "ಹಿಂದಿನ ಸೂಚನೆ ಮರೆತು ಹೀಗೆ ಮಾಡು" ಅಂತ ಯಾರಾದರೂ ಅಲ್ಲಿ ಬರೆದಿಟ್ಟರೆ ಅದು ನೇರ ಮಾಡೆಲ್ ಮುಂದೆ ಬರುತ್ತದೆ. 500 ಅಕ್ಷರಕ್ಕೆ ಕತ್ತರಿಸಿ, "ಇದು ಡೇಟಾ, ಸೂಚನೆಯಲ್ಲ" ಎಂಬ ಗುರುತಿನ ಒಳಗಿಡಿ. ಅದಕ್ಕಿಂತ ಮುಖ್ಯ, ಇದೇ ಸಹಾಯಕಕ್ಕೆ ಕಡತ ಅಳಿಸುವ, ಇಮೇಲ್ ಕಳಿಸುವ ಟೂಲ್ ಜೋಡಿಸಬೇಡಿ. ಗುರುತನ್ನು ಮಾಡೆಲ್ ಮೀರಬಹುದು, ಇಲ್ಲದ ಟೂಲನ್ನು ಕರೆಯಲಾಗದು.

ಪುಟ404
ಕರೆಗಳ ಮಿತಿ: ಗುರುತು ಹೇಳದೆ ಕೇಳಿದರೆ ಓಪನ್ ಲೈಬ್ರರಿ ಸೆಕೆಂಡಿಗೆ 1 ಕರೆ ಅನ್ನುತ್ತದೆ. ಯೂಸರ್ ಏಜೆಂಟ್‌ನಲ್ಲಿ (ಕರೆಯ ಜೊತೆ ಹೋಗುವ ಪರಿಚಯದ ಸಾಲು) ಆ್ಯಪ್ ಹೆಸರು, ಸಂಪರ್ಕದ ಇಮೇಲ್ ಹಾಕಿದರೆ 3. ಮಾಡೆಲ್ ಒಮ್ಮೆಗೇ ಐದಾರು ಕರೆ ಹಾರಿಸುತ್ತದೆ, ಆದ್ದರಿಂದ ಸರದಿ ಸಾಲು ಸರ್ವರಿನಲ್ಲಿ ಬೇಕು. ಸಾವಿರಾರು ಪುಸ್ತಕ ಬೇಕಿದ್ದರೆ ಎಪಿಐ ಹಿಂಡಬೇಡಿ, ಪ್ರತಿ ತಿಂಗಳು ಪೂರ್ತಿ ಡೇಟಾ ಡಂಪ್ ಬಿಡುತ್ತಾರೆ.

ಮುಖಪುಟದ ಚಿತ್ರ ಇಲ್ಲದಿದ್ದರೆ ಖಾಲಿ ಚಿತ್ರ ಬರುತ್ತದೆ, ಸಹಾಯಕ "ಮುಖಪುಟ ಇದೆ" ಅನ್ನುತ್ತದೆ. ವಿಳಾಸದ ಕೊನೆಗೆ "ಡೀಫಾಲ್ಟ್ ಫಾಲ್ಸ್" ಸೇರಿಸಿ, ಆಗ ನೇರ 404 (ಸಿಗಲಿಲ್ಲ ಎಂಬ ಸಂಕೇತ) ಬರುತ್ತದೆ.

ಹೊಸಓದುಗ
ನಾನೂ ಒಂದು ಸರ್ವರ್ ಹಾಕಿ ನೋಡಿದೆ, ಸಹಾಯಕದಲ್ಲಿ ಟೂಲೇ ಕಾಣ್ತಿಲ್ಲ. ಕೈಯಾರೆ ಓಡಿಸಿದರೆ ಓಡುತ್ತೆ.

ಪುಟ404
ಕೋಡಿನಲ್ಲಿ ಪ್ರಿಂಟ್ ಇದೆಯಾ? ಎಸ್‌ಟಿಡಿಐಒ ವಿಧಾನದಲ್ಲಿ (ಸರ್ವರ್ ನಿಮ್ಮ ಕಂಪ್ಯೂಟರಿನಲ್ಲೇ ಓಡುವಾಗಿನದ್ದು) ಸ್ಟ್ಯಾಂಡರ್ಡ್ ಔಟ್‌ಪುಟ್ಟೇ, ಅಂದರೆ ಪ್ರಿಂಟ್ ಹೋಗುವ ಜಾಗವೇ, ಸಂದೇಶದ ದಾರಿ. ಅದರೊಳಗೆ "ಸರ್ವರ್ ಶುರುವಾಯಿತು" ಅಂತ ಒಂದು ಸಾಲು ಬಿದ್ದರೂ ಜೇಸನ್ ಮುರಿಯುತ್ತದೆ. ಲಾಗ್ ಎಲ್ಲ ಸ್ಟ್ಯಾಂಡರ್ಡ್ ಎರರ್‌ಗೆ ಹೋಗಬೇಕು. ಕಾನ್ಫಿಗ್ ಫೈಲಿನಲ್ಲಿ ಪೂರ್ಣ ಪಾತ್ ಕೊಡಿ. ವಿಂಡೋಸ್ ಆದರೆ ಹಿಮ್ಮುಖ ಗೆರೆಗಳು (ಬ್ಯಾಕ್‌ಸ್ಲ್ಯಾಶ್) ಜೋಡಿ ಜೋಡಿಯಾಗಿರಬೇಕು. ಸಹಾಯಕದ ವಿಂಡೋ ಮುಚ್ಚಿದರೆ ಸಾಲದು, ಪೂರ್ತಿ ಕ್ವಿಟ್ ಮಾಡಿ ತೆರೆಯಿರಿ.

ಹೊಸಓದುಗ
ಪ್ರಿಂಟ್ ಇತ್ತು. ತೆಗೆದೆ, ಬಂತು. ಧನ್ಯವಾದ ಸರ್.

ಓಲೆಗರಿ
ಟೂಲ್ ಒಡೆದು, ರೀಡೈರೆಕ್ಟ್ ಸರಿಮಾಡಿ, ಐಎಸ್‌ಬಿಎನ್ ಲೆಕ್ಕವನ್ನು ಸರ್ವರಿಗೆ ಹಾಕಿದೆ. ಈಗ ಒಂದೇ ಹೆಸರಿನ ಇಬ್ಬರಿದ್ದರೆ "ಯಾರು ಬೇಕು" ಅಂತ ವರ್ಷ, ಮುಖ್ಯ ಕೃತಿ ಸಮೇತ ಕೇಳುತ್ತಿದೆ. ಐಎಸ್‌ಬಿಎನ್ ಸರಿಯಾಗಿದೆ. ಉಳಿದದ್ದು ಎಣಿಕೆ. ಸಂಖ್ಯೆ ಬದಲಾಗುವುದು ನಿಂತಿದೆ, ಆದರೆ ಹೆಚ್ಚು ಬರೆದ ಯಾವ ಲೇಖಕರನ್ನು ಕೇಳಿದರೂ ಸರಿಯಾಗಿ 50.

ಅರ್ಕಾವತ್ತು
ಅದು ಮೊದಲ ಪುಟ. ಎಷ್ಟು ಬೇಕೆಂದು ಹೇಳದಿದ್ದರೆ ಲೇಖಕರ ಕೃತಿಗಳ ಪಟ್ಟಿ 50 ಮಾತ್ರ ಕೊಡುತ್ತದೆ. ಲಿಮಿಟ್ (ಎಷ್ಟು ಬೇಕು), ಆಫ್‌ಸೆಟ್ (ಎಲ್ಲಿಂದ ಶುರು) ಕೊಟ್ಟು ಮುಂದುವರಿಯಿರಿ. ಒಟ್ಟು ಎಷ್ಟು ಎಂಬುದು ಅದೇ ಉತ್ತರದ "ಸೈಜ್" ಫೀಲ್ಡಿನಲ್ಲಿದೆ, ಅದನ್ನೇ ಮಾಡೆಲ್‌ಗೆ ಕೊಡಿ. ಪಟ್ಟಿ ಕೊಟ್ಟು ಎಣಿಸಲು ಬಿಡಬೇಡಿ.

ಸೂಚಿಕಾರ
ಆ ಸಂಖ್ಯೆಯನ್ನು "ಪುಸ್ತಕಗಳು" ಅನ್ನಬೇಡಿ, "ದಾಖಲಾದ ಕೃತಿಗಳು" ಅನ್ನಿ. ಅನುವಾದ ಬೇರೆ ಕೃತಿಯಾಗಿ ಸೇರಿರಬಹುದು, ಸಂಪಾದಿಸಿದ್ದೂ ಇರಬಹುದು, ಒಂದೇ ಕೃತಿ ಕಾಗುಣಿತ ವ್ಯತ್ಯಾಸದಿಂದ ಎರಡಾಗಿರಬಹುದು.

ಅವಳಿ ದಾಖಲೆ ಕಂಡರೆ ಒಂದುಗೂಡಿಸಲು ಅಲ್ಲೇ ಕೋರಿಕೆ ಹಾಕಬಹುದು, ಮುಂದೆ ಕೇಳುವ ಎಲ್ಲರಿಗೂ ಸರಿಯಾದದ್ದು ಸಿಗುತ್ತದೆ. ಒಂದಾದ ಮೇಲೆ ಹಳೇ ಐಡಿ ಅಳಿದುಹೋಗುವುದಿಲ್ಲ. ದಾಖಲೆಯ "ಟೈಪ್" ರೀಡೈರೆಕ್ಟ್ ಆಗುತ್ತದೆ, ಹೊಸ ಐಡಿ "ಲೊಕೇಶನ್" ಫೀಲ್ಡಿನಲ್ಲಿರುತ್ತದೆ. ನಿಮ್ಮ ಕ್ಯಾಶ್‌ನಲ್ಲಿ (ಮೊದಲು ತಂದು ಉಳಿಸಿಟ್ಟ ಡೇಟಾದಲ್ಲಿ) ಹಳೇ ಐಡಿ ಕೂತಿದ್ದರೆ ಶೀರ್ಷಿಕೆಯೇ ಇಲ್ಲದ ಕೃತಿ ಬರುತ್ತದೆ. ಟೈಪ್ ನೋಡಿ, ಲೊಕೇಶನ್ ಹಿಡಿದು ಮತ್ತೊಮ್ಮೆ ಕೇಳಿ, ಕ್ಯಾಶ್ ತಿದ್ದಿ.

ಓಲೆಗರಿ
ಶೀರ್ಷಿಕೆ ಇಲ್ಲದ ಎರಡು ದಾಖಲೆ ಪಟ್ಟಿಯಲ್ಲಿದ್ದವು. ನೋಡಿದೆ, ಎರಡರದ್ದೂ ಟೈಪ್ ರೀಡೈರೆಕ್ಟ್.